ಪುಟ ಮುಚ್ಚಿದರೂ ಓದುವ ಹುಡುಗ: ಪಾಲಕರ ಗುಂಪಿನ ಭಾನುವಾರದ ಪ್ರಶ್ನೋತ್ತರ

ವಿಶೇಷ ಶಿಕ್ಷಕಿ, ಧಾರವಾಡ: ನಮಸ್ಕಾರ. ಮನೆಯಲ್ಲಿ ಮಕ್ಕಳ ಓದಿನ ಬಗ್ಗೆ ಸಂಜೆ ಏಳರವರೆಗೆ ಕೇಳಬಹುದು. ವಯಸ್ಸು, ತರಗತಿ ಬರೆಯಿರಿ.

ನವನಗರದ ತಾಯಿ: ಮಗಳಿಗೆ ಆರು ವರ್ಷ, ಒಂದನೇ ತರಗತಿ. ಒಂದೇ ಪುಸ್ತಕವನ್ನು ನಲವತ್ತು ಸಲ ಓದಿಸಿಕೊಂಡಿದ್ದಾಳೆ, ಹೊಸದನ್ನು ಮುಟ್ಟುವುದಿಲ್ಲ.

ಶಿಕ್ಷಕಿ: ನಲವತ್ತೊಂದನೇ ಸಲವೂ ಓದಿ. ಬಾಯಿಗೆ ಬಂದ ಸಾಲಿನಲ್ಲಿಯೇ ಅಕ್ಷರ ಗುರುತಿಸುವುದು ಸುಲಭ.

ಗದಗಿನ ಅಪ್ಪ: ಮಗ ಮೊಬೈಲ್ ಬಿಡುವುದಿಲ್ಲ. ಎಂಟು ವರ್ಷ.

ಶಿಕ್ಷಕಿ: ಊಟವಾದ ಮೇಲೆ ನಿಮ್ಮ ಮೊಬೈಲ್ ಎಲ್ಲಿರುತ್ತದೆ?

ಗದಗಿನ ಅಪ್ಪ: ಕೈಯಲ್ಲಿ. ನಮ್ಮದು ವ್ಯಾಪಾರ, ಮೇಡಂ.

ಶಿಕ್ಷಕಿ: ಹದಿನೈದು ನಿಮಿಷ ಇಬ್ಬರ ಮೊಬೈಲೂ ಕಪಾಟಿನಲ್ಲಿರಲಿ. ಅಷ್ಟು ಹೊತ್ತು ನೀವು ಓದಿ, ಅವನು ಕೇಳಲಿ.

ಹಾವೇರಿಯ ಸೋದರತ್ತೆ: ಅಣ್ಣನ ಮಗ, ಒಂಬತ್ತು ವರ್ಷ, ನಾಲ್ಕನೇ ತರಗತಿ, ಕನ್ನಡ ಮಾಧ್ಯಮ. ಹೇಳಿದ ಕಥೆಯನ್ನು ಮರುದಿನ ಒಂದು ಮಾತೂ ಬಿಡದೆ ಒಪ್ಪಿಸುತ್ತಾನೆ. ಪುಸ್ತಕ ಕೊಟ್ಟರೆ ಹೊಟ್ಟೆನೋವು. ಮೊನ್ನೆ ಪಾಠ ಗಡಗಡ ಓದುತ್ತಿದ್ದಾಗ ಪುಟ ಮುಚ್ಚಿದೆ, ಓದುತ್ತಲೇ ಇದ್ದ. ಹೊಸ ಪುಟದಲ್ಲಿ ‘ಅಕ್ಕಿ’ ಹೋಗಿ ‘ಅಕಿ’ ಆಗುತ್ತದೆ. ಸೋಮಾರಿ ಎಂದು ಅಣ್ಣ ಸ್ಕೇಲಿನಿಂದ ಹೊಡೆದ.

ಶಿಕ್ಷಕಿ: ಮೊದಲು ಆ ಸ್ಕೇಲನ್ನು ಎತ್ತಿಡಿ. ಇಡೀ ಪಾಠ ಬಾಯಿಪಾಠ ಮಾಡುವವನು ಸೋಮಾರಿಯಲ್ಲ. ಓದಲು ಬಾರದ್ದನ್ನು ಮುಚ್ಚಿಡಲು ಅವನು ಎರಡರಷ್ಟು ದುಡಿಯುತ್ತಿರಬಹುದು.

ಒತ್ತಕ್ಷರ ಒಂದೇ ತಪ್ಪುತ್ತಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. 34 ವ್ಯಂಜನ, ಒಂದೊಂದಕ್ಕೂ ಕಾಗುಣಿತ, ಕೆಳಗೆ ಒತ್ತು: ಎಷ್ಟೋ ಮಕ್ಕಳಿಗೆ ಇದು ಕೈವಶವಾಗಲು ಮೂರು ನಾಲ್ಕು ವರ್ಷ ಹಿಡಿಯುತ್ತದೆ. ಆದರೆ ಇಷ್ಟು ಜ್ಞಾಪಕಶಕ್ತಿಯಿದ್ದೂ ಅಕ್ಷರ ನಿಲ್ಲದಿರುವುದು, ಜೊತೆಗೆ ಆ ಹೊಟ್ಟೆನೋವು ನನ್ನನ್ನು ಕಾಡುತ್ತಿವೆ. ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ‘ಪ’ ಮತ್ತು ‘ಷ’, ‘ಮ’ ಮತ್ತು ‘ವ’ ಬೇರೆ ಮಾಡಿ ಹೇಳುತ್ತಾನೆಯೇ ನೋಡಿ. ಮನೆಯಲ್ಲಿ ಬೇರೆ ಯಾರಿಗಾದರೂ ಓದು ಕಷ್ಟವಾಗಿತ್ತೇ? ಆಮೇಲೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಂತಹ ಕಡೆ ಮನಶ್ಶಾಸ್ತ್ರಜ್ಞರಿಗೆ ತೋರಿಸಿ. ಇದು ಕಲಿಕಾ ನ್ಯೂನತೆ, ಎಂದರೆ ಬುದ್ಧಿ ಚುರುಕಿದ್ದೂ ಓದು ಬರಹ ಕೈಗೂಡದಿರುವುದು, ಇರಬಹುದು. ಅದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಸೇರಿದೆ. ಪರೀಕ್ಷೆಯಾಗುವ ತನಕ ಹುಡುಗನಿಗೆ ಆ ಹೆಸರು ಅಂಟಿಸಬೇಡಿ.

ಅಲ್ಲಿಯವರೆಗೆ ನೆಂಟರೆದುರು ಓದಿಸುವುದು ನಿಲ್ಲಲಿ. ನೀವು ಸಾಲಿನ ಕೆಳಗೆ ಬೆರಳಾಡಿಸುತ್ತ ಓದಿ. ಗೊತ್ತಿರುವ ಪದ ಬಂದಾಗ ಅವನು ಹೇಳಲಿ. ತಪ್ಪಿದರೆ ನಡುವೆ ತಡೆಯಬೇಡಿ. ಕಥೆ ಹೇಳುವುದನ್ನು ಮಾತ್ರ ಶಿಕ್ಷೆಯೆಂದು ನಿಲ್ಲಿಸಬೇಡಿ.

ವಿದ್ಯಾನಗರದ ಕಾಕಾ: ಬಂದದ್ದನ್ನು ಕಳಿಸುತ್ತಿದ್ದೇನೆ: ಬಜೆ ತೇಯ್ದು ಜೇನುತುಪ್ಪದಲ್ಲಿ 21 ದಿನ ನೆಕ್ಕಿಸಿದರೆ ಮಗು ಗಿಳಿಯಂತೆ ಓದುತ್ತದೆ.

ಶಿಕ್ಷಕಿ: ಹುಡುಗ ಗಿಳಿಯಂತೆ ಓದುತ್ತಿರುವುದೇ ಇಲ್ಲಿಯ ತೊಂದರೆ. ಬಜೆ ಹೆಚ್ಚಾದರೆ ವಾಂತಿಯಾಗುತ್ತದೆ. ವರ್ಷ ತುಂಬದ ಕೂಸಿಗೆ ಜೇನುತುಪ್ಪ ಕೊಡಲೇಬಾರದು. ಇಂಥದ್ದನ್ನು ಇಲ್ಲಿ ಹಾಕಬೇಡಿ.

ಕಾಕಾ: ನಮ್ಮ ಅಜ್ಜಿ ಎಲ್ಲರಿಗೂ ನೆಕ್ಕಿಸಿದ್ದಳು. ನಾವು ಓದಲಿಲ್ಲವೇ?

ಧಾರವಾಡ ಸಾಧನಕೇರಿಯ ನಿವೃತ್ತರು: ಗುಂಪಿನ ನಿಯಮವನ್ನಂತೂ ಓದಿದಂತಿಲ್ಲ.

ರಾಣೆಬೆನ್ನೂರಿನ ತಾಯಿ: ಮೇಡಂ, ನಾಲ್ಕು ವರ್ಷದ ಅವಳಿಗಳು ಪುಸ್ತಕ ಹರಿಯುತ್ತಾರೆ. ಏನು ಕೊಡಲಿ?

ಹುಬ್ಬಳ್ಳಿ ಉಣಕಲ್ಲಿನ ಅಪ್ಪ: ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದ್ದರೆ ಆ ಹುಡುಗನಿಗೆ ಒತ್ತಕ್ಷರದ ಕಾಟವೇ ಇರುತ್ತಿರಲಿಲ್ಲ.

ನಿವೃತ್ತರು: ‘ನೈಫ್’ ಬರೆಯಲು ‘ಕೆ’ ಏಕೆ ಬೇಕೆಂದು ಅವನಿಗೆ ತಾವೇ ತಿಳಿಸುತ್ತೀರಾ?

ಉಣಕಲ್ಲಿನ ಅಪ್ಪ: ಧಾರವಾಡದವರಿಗೆ ಎಲ್ಲದರಲ್ಲಿಯೂ ಪಾಂಡಿತ್ಯ.

ನಿವೃತ್ತರು: ಹುಬ್ಬಳ್ಳಿಯವರಿಗೆ ಎಲ್ಲದರಲ್ಲಿಯೂ ಲಾಭ ನಷ್ಟ.

ಗದಗಿನ ಅಪ್ಪ: ವ್ಯಾಪಾರಸ್ಥರನ್ನು ಏಕೆ ಎಳೆಯುತ್ತೀರಿ, ಸರ್?

ಶಿಗ್ಗಾವಿಯ ತಾಯಿ: ಮಗಳು ಮೊಬೈಲ್ ಬಿಡುವುದಿಲ್ಲ, ಏನು ಮಾಡಲಿ?

ಶಿಕ್ಷಕಿ: ಮೇಲೆ ನೋಡಿ.

ಶಿಗ್ಗಾವಿಯ ತಾಯಿ: ಪುಸ್ತಕ ಕೊಳ್ಳಲು ದುಡ್ಡಿಲ್ಲದವರು?

ಶಿಕ್ಷಕಿ: ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣದಲ್ಲಿ ಕನ್ನಡ ಕಥೆಗಳು ಉಚಿತ.

ಕಾಕಾ: ಈಗ ಬಂದದ್ದು: ನೆನೆಸಿದ ಬಾದಾಮಿ ಏಳು...

ಶಿಕ್ಷಕಿ: ಬಾದಾಮಿ ತಿನ್ನಲಿ. ಓದಿಗೂ ಅದಕ್ಕೂ ಸಂಬಂಧವಿಲ್ಲ. ಇನ್ನೊಂದು ಬಂದರೆ ನಾನು ಹೊರಡುತ್ತೇನೆ.

ಹಾವೇರಿಯ ಸೋದರತ್ತೆ: ಮೇಡಂ, ಬರೆದು ತೋರಿಸಿದೆ. ಎರಡನ್ನೂ ‘ಪ’ ಎಂದ. ಅಣ್ಣ ಪಕ್ಕದಲ್ಲಿಯೇ ಇದ್ದ, ಎದ್ದು ಹೊರಗೆ ಹೋದ. ಅವನೂ ಶಾಲೆ ಬಿಟ್ಟದ್ದು ನಾಲ್ಕರಲ್ಲಿಯೇ.

ಶಿಕ್ಷಕಿ: ಪರೀಕ್ಷೆಗೆ ಬರುವಾಗ ಅಣ್ಣನನ್ನೂ ಕರೆತನ್ನಿ. ಅವರನ್ನು ಯಾರೂ ಬೈಯುವುದಿಲ್ಲ ಎಂದು ಮೊದಲೇ ಹೇಳಿ. ಉಳಿದದ್ದನ್ನು ನನಗೆ ಪ್ರತ್ಯೇಕವಾಗಿ ಬರೆಯಿರಿ, ಇಲ್ಲಿ ಬೇಡ. ಏಳಾಯಿತು.

ರಾಣೆಬೆನ್ನೂರಿನ ತಾಯಿ: ಅವಳಿಗಳ ಬಗ್ಗೆ ಕೇಳಿದ್ದೆ...