ಪೆಥಾಲಜಿ ಓದಿದವರು ಸಂಶೋಧನೆಗೆ ಇಳಿಯುವಾಗ ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: ಪೆಥಾಲಜಿ ತರಬೇತಿಯ ಕೊನೇ ವರ್ಷ. ಮುಂದೆ ಸಂಶೋಧನೆ ಮಾಡುವ ಆಸೆ. ವಾರಕ್ಕೆ ಎರಡು ಮಧ್ಯಾಹ್ನ ಲ್ಯಾಬ್‌ಗೆ ಬಿಡುತ್ತಾರಂತೆ, ಸಾಕಾ? 200 ಹಳೇ ಪ್ಯಾರಾಫಿನ್ ಬ್ಲಾಕ್‌ಗಳಿವೆ (ರೋಗಿಗಳ ಗಡ್ಡೆಯ ಚೂರುಗಳನ್ನು ಮೇಣದಲ್ಲಿ ಹುದುಗಿಸಿಟ್ಟವು), ಅವುಗಳಲ್ಲಿ ಒಂದು ಮಾರ್ಕರ್, ಅಂದರೆ ರೋಗದ ಸುಳಿವು ಕೊಡುವ ಪ್ರೋಟೀನ್, ನೋಡೋಣ ಅಂತ.

ಉತ್ತರ: ಸಾಲದು. ಪ್ರೋಟೀನ್ ಗುರುತಿಸುವ ವೆಸ್ಟರ್ನ್ ಬ್ಲಾಟ್ ಪರೀಕ್ಷೆ ಒಂದಕ್ಕೇ ಸಾಮಾನ್ಯವಾಗಿ ಎರಡು ದಿನ ಹಿಡಿಯುತ್ತದೆ. ಕಲ್ಚರ್‌ನಲ್ಲಿರುವ (ಲ್ಯಾಬ್‌ನಲ್ಲಿ ಬೆಳೆಸುವ) ಕೋಶಗಳು ನಿಮ್ಮ ಡ್ಯೂಟಿ ಪಟ್ಟಿ ನೋಡಿಕೊಂಡು ಬೆಳೆಯುವುದಿಲ್ಲ. ಚೂರುಚೂರು ಸಮಯದ ಬದಲು ಒಟ್ಟಿಗೆ ಕೆಲವು ತಿಂಗಳು ಕೇಳಿ. ಅಮೆರಿಕದ ಸರ್ಕಾರಿ ವೈದ್ಯಕೀಯ ಸಂಶೋಧನಾ ಸಂಸ್ಥೆ ಎನ್‌ಐಎಚ್, ಸಂಶೋಧನೆಗೆ ಇಳಿಯುವ ವೈದ್ಯರಿಗೆ ಕೊಡುವ ತನ್ನ ಕೆ08 ಅನುದಾನಕ್ಕೆ ಸಾಮಾನ್ಯವಾಗಿ ಕನಿಷ್ಠ 75% ಸಮಯ ಮೀಸಲಿಡಬೇಕೆಂದು ಷರತ್ತು ಹಾಕುತ್ತದೆ. ಕೊಟ್ಟ ಸಮಯವನ್ನು ಬರವಣಿಗೆಯಲ್ಲಿ ಪಡೆಯಿರಿ, ಬಾಯಿಮಾತಿನದ್ದನ್ನು ಮೊದಲ ಫ್ರೋಜನ್ ಸೆಕ್ಷನ್ನೇ (ಶಸ್ತ್ರಚಿಕಿತ್ಸೆ ನಡೆಯುವಾಗಲೇ ಮಾಡಬೇಕಾದ ತುರ್ತು ಪರೀಕ್ಷೆ) ನುಂಗುತ್ತದೆ.

ಇನ್ನು ಬ್ಲಾಕ್‌ಗಳು. ಮಾರ್ಕರ್‌ಗಿಂತ ಮೊದಲು ಅವುಗಳ ಜಾತಕ ನೋಡಿ. ಅಂಗಾಂಶ ಫಾರ್ಮಲಿನ್‌ಗೆ (ಕೆಡದಂತೆ ಇಡುವ ದ್ರವ) ಬೀಳಲು ಎಷ್ಟು ಹೊತ್ತಾಯಿತು, ಎಷ್ಟು ಗಂಟೆ ಅದರಲ್ಲಿತ್ತು? ಸ್ತನ ಕ್ಯಾನ್ಸರ್‌ನಲ್ಲಿ ನೋಡುವ ಇಆರ್, ಹರ್2 ಎಂಬ ಮಾರ್ಕರ್‌ಗಳ ಪರೀಕ್ಷೆಗಳಿಗೆ ಮೊದಲನೆಯದು ಒಂದು ಗಂಟೆಯೊಳಗೆ, ಎರಡನೆಯದು 6ರಿಂದ 72 ಗಂಟೆ. 6 ಗಂಟೆಗಿಂತ ಕಡಿಮೆಯಾದರೆ ಒಳಗಿನವರೆಗೆ ಫಾರ್ಮಲಿನ್ ಇಳಿದಿರುವುದಿಲ್ಲ, ಅಂಚಿನಲ್ಲೊಂದು ಬಣ್ಣ, ನಡುವೆ ಇನ್ನೊಂದು. ಅದನ್ನು ಗಡ್ಡೆಯ ಗುಣ ಅಂದುಕೊಂಡರೆ ಕೆಲಸವೆಲ್ಲ ನೀರುಪಾಲು. ಡಿಎನ್‌ಎ ತೆಗೆಯುವುದಾದರೆ ಇನ್ನೊಂದು ತೊಡಕು: ಫಾರ್ಮಲಿನ್ ಡಿಎನ್‌ಎಯ ಒಂದು ಅಕ್ಷರವಾದ ಸೈಟೊಸಿನ್ (ಸಿ) ಅನ್ನು ಕೆಡಿಸುವುದರಿಂದ ಸಿ ಇದ್ದಲ್ಲಿ ಟಿ (ಥೈಮಿನ್) ಓದಿಸುತ್ತದೆ, ಹುಸಿ ಮ್ಯುಟೇಶನ್. ಸೀಕ್ವೆನ್ಸಿಂಗ್‌ಗೆ (ಡಿಎನ್‌ಎ ಅಕ್ಷರ ಓದುವುದಕ್ಕೆ) ಮುಂಚೆ, ಕೆಟ್ಟ ಸೈಟೊಸಿನ್ ತೆಗೆಯುವ ಯುಡಿಜಿ ಕಿಣ್ವ ಹಾಕಿದರೆ ಬಹುಪಾಲು ತಗ್ಗುತ್ತದೆ.

ಪ್ರಶ್ನೆ ಕೇಳಿದವರು: ಧನ್ಯವಾದ ಸರ್. ಸ್ಟೇನ್ ಮಾಡಿ (ಮಾರ್ಕರ್ ಇರುವಲ್ಲಿ ಬಣ್ಣ ಬರಿಸಿ), ರೋಗಿಗಳು ಎಷ್ಟು ಕಾಲ ಬದುಕಿದರು ಅನ್ನೋದರ ಜೊತೆ ಹೋಲಿಸುವ ಯೋಚನೆ. ಸ್ಟ್ಯಾಟಿಸ್ಟಿಕ್ಸ್ ಕೊನೆಗೆ ಯಾರಿಂದಾದರೂ ಮಾಡಿಸಬಹುದಲ್ಲ?

ಇನ್ನೊಬ್ಬರ ಉತ್ತರ: ಎಡವುವುದೇ ಅಲ್ಲಿ. 200 ರೋಗಿಗಳಿದ್ದರೇನು, ತೀರಿಕೊಂಡವರು 20 ಜನವಾದರೆ ಲೆಕ್ಕಕ್ಕೆ ಬಲ ಕೊಡುವುದು ಆ 20. ಬದುಕಿದ ಕಾಲಕ್ಕೂ ಹಲವು ಅಂಶಗಳಿಗೂ ಇರುವ ನಂಟನ್ನು ಒಟ್ಟಿಗೆ ಅಳೆಯುವ ಕಾಕ್ಸ್ ಮಾಡೆಲ್‌ನಲ್ಲಿ ಒಂದು ಅಂಶಕ್ಕೆ 10 ಸಾವು ಎಂಬ ರೂಢಿಯ ಲೆಕ್ಕದಲ್ಲಿ ಎರಡೇ ಅಂಶ ಹಿಡಿಸುತ್ತವೆ. ವಯಸ್ಸು, ಸ್ಟೇಜ್ ಹಾಕುವಷ್ಟರಲ್ಲಿ ನಿಮ್ಮ ಮಾರ್ಕರ್‌ಗೆ ಜಾಗವೇ ಇಲ್ಲ. ಇದು ಮೊದಲೇ ಗೊತ್ತಾದರೆ ಪ್ರಶ್ನೆ ಬದಲಿಸಬಹುದು. ಕಟ್-ಆಫ್ (ಎಷ್ಟು ಬಣ್ಣ ಬಂದರೆ ಪಾಸಿಟಿವ್ ಎಂಬ ಗೆರೆ) ಅನ್ನೂ ಮೊದಲ ಸ್ಲೈಡ್ ನೋಡುವ ಮುನ್ನವೇ ಬರೆದಿಡಿ. ಹತ್ತಾರು ಕಟ್-ಆಫ್ ಹಾಕಿ ನೋಡಿ, ಪಿ ಮೌಲ್ಯ (ಫಲಿತಾಂಶ ಬರೀ ಆಕಸ್ಮಿಕವೇ ಎಂದು ಅಳೆಯುವ ಸಂಖ್ಯೆ) ಚೆನ್ನಾಗಿ ಬಂದದ್ದನ್ನು ಆರಿಸಿದರೆ ಬೇರೆ ಊರಿನ ರೋಗಿಗಳಲ್ಲಿ ಅದು ನಿಲ್ಲುವುದು ಕಷ್ಟ. ರೋಗಿಗೆ ಏನಾಯಿತೆಂದು ಗೊತ್ತಿಲ್ಲದ ಇಬ್ಬರು ಬೇರೆಬೇರೆಯಾಗಿ ಸ್ಕೋರ್ ಮಾಡಲಿ. ಇಬ್ಬರ ಸ್ಕೋರ್ ಎಷ್ಟು ಹೊಂದುತ್ತದೆ ಎಂದು ಹೇಳುವ ಕಪ್ಪಾ 0.6ರ ಕೆಳಗೆ ಬಂದರೆ ಮುಂದುವರಿಯಬೇಡಿ, ಸ್ಕೋರಿಂಗ್ ನಿಯಮವನ್ನೇ ತಿದ್ದಿ. ಮಾರ್ಕರ್ ಅಧ್ಯಯನಗಳನ್ನು ವರದಿ ಮಾಡುವ ಬಗೆ ಹೇಳುವ 2005ರ ರಿಮಾರ್ಕ್ ಮಾರ್ಗಸೂಚಿಯನ್ನು ಪೇಪರ್ ಬರೆಯುವಾಗಲ್ಲ, ಈಗಲೇ ಓದಿ.

ಮತ್ತೊಬ್ಬರು: ಮಾರ್ಕರ್‌ಗೆ ಅಂಟಿ ಬಣ್ಣ ತೋರಿಸುವ ಆ್ಯಂಟಿಬಾಡಿ ಬಗ್ಗೆ ಯಾರೂ ಹೇಳಲಿಲ್ಲವಲ್ಲ! ಕಂಪನಿಯ ಹಾಳೆ ನಂಬಬೇಡಿ. ನಿಮ್ಮ ಮಾರ್ಕರ್‌ನ ಜೀನ್ ನಾಕ್‌ಔಟ್ ಆದ (ಕೆಲಸ ಮಾಡದಂತೆ ಮಾಡಿದ) ಕೋಶಗಳನ್ನೂ ಆಗದವನ್ನೂ ಫಾರ್ಮಲಿನ್‌ನಲ್ಲಿಟ್ಟು ಬ್ಲಾಕ್ ಮಾಡಿಸಿ, ರೋಗಿಗಳ ಸ್ಲೈಡ್ ಜೊತೆಗೇ ಸ್ಟೇನ್ ಮಾಡಿ. ನಾಕ್‌ಔಟ್‌ನಲ್ಲೂ ಕಂದು ಬಂದರೆ ಅದು ಬೇರೆ ಯಾವುದಕ್ಕೋ ಅಂಟುತ್ತಿದೆ. 4 ಮೈಕ್ರಾನ್ ಸೆಕ್ಷನ್‌ಗಳನ್ನು ಕತ್ತರಿಸಿದ ಮೇಲೆ ತಿಂಗಳುಗಟ್ಟಲೆ ಡಬ್ಬಿಯಲ್ಲಿಡಬೇಡಿ. ಕೆಲವು ಆ್ಯಂಟಿಜನ್ (ಆ್ಯಂಟಿಬಾಡಿ ಅಂಟುವ ಗುರಿ) ಮಂಕಾಗುತ್ತವೆ, ಆಮೇಲೆ ಹಳೇ ಸ್ಲೈಡ್‌ಗಳೆಲ್ಲ ನೆಗೆಟಿವ್ ಕಾಣುತ್ತವೆ.