ತಾತನ 1972 ಜಾವಾ ಮನೇಲೇ ಬಿಚ್ಚಿ ರೆಡಿ ಮಾಡ್ಬೇಕು, ಬಾಬರ್ ಮಾಡ್ಲಾ, ಒರಿಜಿನಲ್ಲೇ ಬಿಡ್ಲಾ?

ತಿಪಟೂರ್_ಫಿಟ್ಟರ್:

ಎಲ್ರಿಗೂ ನಮಸ್ಕಾರ. ನಮ್ ತಾತಂದು 1972ನೇ ಇಸ್ವಿ ಜಾವಾ 250 ಇದೆ, ಮೈಸೂರ್ ಫ್ಯಾಕ್ಟರೀದು, ಮರೂನ್ ಕಲರ್ರು, ಟ್ಯಾಂಕ್ ಎರಡೂ ಪಕ್ಕ ಕ್ರೋಮ್. ತಾತ ತೀರ್ಕೊಂಡ್ ಮೇಲೆ ಯಾರೂ ಮುಟ್ಟಿಲ್ಲ, ತೋಟದ್ ಮನೇಲಿ ತೆಂಗಿನ್ ಸಿಪ್ಪೆ ರಾಶಿ ಹಿಂದೆ ನಿಂತಿತ್ತು, ಈಗ ತಳ್ಕೊಂಡ್ ಬಂದು ಮನೆ ಹಿಂದಿನ್ ಶೆಡ್ಡಲ್ಲಿ ಇಟ್ಟಿದೀನಿ. ಕಿಕ್ ಒಂಚೂರೂ ಕೆಳಗ್ ಹೋಗ್ತಿಲ್ಲ, ಟ್ಯಾಂಕ್ ಒಳಗೆ ತುಕ್ಕು ಪದರ ಪದರ ಎದ್ದಿದೆ, ವೈರಿಂಗ್ ಪೂರ್ತಿ ಇಲಿ ತಿಂದಿದೆ. ಮೊಳೆ ಥರ ಇರೋ ಆ ಕೀ ಮಾತ್ರ ಅಜ್ಜಿ ಜೋಪಾನವಾಗಿ ಇಟ್ಟಿದಾರೆ, ಆರ್‌ಸಿ ಪುಸ್ತಕಾನೂ ಇದೆ, ತಾತನ ಹೆಸರಲ್ಲೇ.

ನಾನು ಐಟಿಐ ಫಿಟ್ಟರ್, ವೆಲ್ಡಿಂಗ್ ಗೊತ್ತು, ಗ್ರೈಂಡರ್ರು ಡ್ರಿಲ್ಲು ಎಲ್ಲಾ ಮನೇಲೇ ಇದೆ, ಆದ್ರೆ ಟೂ ಸ್ಟ್ರೋಕ್ ಎಂಜಿನ್ ಪೂರ್ತಿ ಬಿಚ್ಚಿ ಅಭ್ಯಾಸ ಇಲ್ಲ. ನನ್ ಪ್ಲಾನ್ ಏನಂದ್ರೆ ಹಿಂದಿನ್ ಫ್ರೇಮ್ ಸ್ವಲ್ಪ ಕಟ್ ಮಾಡಿ ಸಿಂಗಲ್ ಸೀಟ್ ಕೂರ್ಸಿ, ಮಡ್‌ಗಾರ್ಡ್ ಮೋಟು ಮಾಡಿ, ಚೈನ್ ಕೇಸ್ ಕಿತ್ತಾಕಿ ಬಾಬರ್ ಥರ ಮಾಡೋದು. ಅಪ್ಪಂಗೆ ಇಷ್ಟ ಇಲ್ಲ, ಇದ್ದ ಹಾಗೇ ಮಾಡ್ಸು ಅಂತಾರೆ. ನೀವೇನಂತೀರಾ? ಎಂಜಿನ್ ಎಲ್ಲಿಂದ ಶುರು ಮಾಡ್ಲಿ?

ಯಾದವಗಿರಿ_ಟೂಸ್ಟ್ರೋಕ್:

ಮೊದಲು ಒಂದ್ ಮಾತು, ಆ ಕಿಕ್ ಮೇಲೆ ಹತ್ತಿ ಕುಣೀಬೇಡಿ. ಜಾವಾಲಿ ಕಿಕ್ಕೂ ಗೇರೂ ಒಂದೇ ಲಿವರ್ರು, ಪಿಸ್ಟನ್ ಹಿಡ್ಕೊಂಡಿರುವಾಗ ಜೋರ್ ಕೊಟ್ರೆ ಒಳಗಿನ ಹಲ್ಲು ಮುರಿಯತ್ತೆ, ಆಮೇಲೆ ಗೇರ್‌ಬಾಕ್ಸಿಗೂ ಖರ್ಚು. ಪ್ಲಗ್ ತೆಗ್ದು ಆ ತೂತಲ್ಲಿ ಡೀಸೆಲ್ ಜೊತೆ ಸ್ವಲ್ಪ ಎಂಜಿನ್ ಆಯಿಲ್ ಸೇರ್ಸಿ ಹುಯ್ದು ನಾಕೈದ್ ದಿನ ಬಿಡಿ, ಮತ್ತೆ ಹುಯ್ಯಿ, ಮತ್ತೆ ಬಿಡಿ. ಆಮೇಲೆ ಟಾಪ್ ಗೇರಿಗೆ ಹಾಕಿ ಹಿಂದಿನ್ ಚಕ್ರ ಹಿಡ್ಕೊಂಡು ಹಿಂದೆ ಮುಂದೆ ಮೆತ್ತಗೆ ಅಲ್ಲಾಡ್ಸಿ. ಬಿಟ್ಕೊಳತ್ತೆ. ಬಿಡ್ಲಿಲ್ಲಾಂದ್ರೆ ಹೆಡ್ ತೆಗ್ದು ಪಿಸ್ಟನ್ ಮೇಲೆ ಮರದ ತುಂಡಿಟ್ಟು ತಟ್ಟಬೇಕು, ಕಬ್ಬಿಣದ ಸುತ್ತಿಗೆ ನೇರ ತಾಗಿಸ್ಲೇಬೇಡಿ.

ಬಿಟ್ಕೊಂಡ ತಕ್ಷಣ ಪೆಟ್ರೋಲ್ ಹಾಕಿ ಸ್ಟಾರ್ಟ್ ಮಾಡೋಕೆ ಹೋಗ್ತಾರೆ ತುಂಬಾ ಜನ. ದಯವಿಟ್ಟು ಬೇಡ. ಇಷ್ಟ್ ವರ್ಷ ನಿಂತ ಗಾಡೀಲಿ ಕ್ರ್ಯಾಂಕ್, ಅಂದ್ರೆ ಪಿಸ್ಟನ್ ತಿರುಗ್ಸೋ ಶಾಫ್ಟು, ಅದರ ಎರಡೂ ಪಕ್ಕದ ರಬ್ಬರ್ ಆಯಿಲ್ ಸೀಲ್ ಒಣಗಿ ಕಲ್ಲಾಗಿರತ್ತೆ. ಎಡಗಡೆ, ಅಂದ್ರೆ ಕ್ಲಚ್ ಕಡೆ ಸೀಲ್ ಹೋಗಿದ್ರೆ ಗೇರ್ ಆಯಿಲ್ಲನ್ನ ಕ್ರ್ಯಾಂಕ್‌ಕೇಸ್ ಒಳಗೆ ಎಳ್ಕೊಳತ್ತೆ, ಬಿಳೀ ಹೊಗೆ ದಂಡಿಯಾಗಿ ಬರತ್ತೆ, ಗೇರ್ ಆಯಿಲ್ ಲೆವೆಲ್ ಇಳೀತಾ ಹೋಗತ್ತೆ. ಬಲಗಡೆ ಡೈನಮೊ ಕಡೇದು ಹೋಗಿದ್ರೆ ಹೊಗೆ ಗಿಗೆ ಏನೂ ಕಾಣ್ಸಲ್ಲ, ಗಾಳಿ ಎಳ್ಕೊಂಡು ಮಿಕ್ಸ್ಚರ್ ತೆಳ್ಳಗಾಗತ್ತೆ (ಲೀನ್ ಅಂತಾರಲ್ಲ, ಗಾಳಿ ಜಾಸ್ತಿ ಪೆಟ್ರೋಲ್ ಕಮ್ಮಿ), ಗಾಡಿ ಚೆನ್ನಾಗ್ ಓಡ್ತಿದೆ ಅನ್ಸತ್ತೆ, ಹೈವೇಲಿ ಒಂದಿನ ಪಿಸ್ಟನ್ ಸೀಜ್. ಇದೇ ಹೆಚ್ಚು ಅಪಾಯ. ಹಾಗಾಗಿ ಬೋಲ್ಟ್ ಬಿಚ್ಚಿ ಕ್ರ್ಯಾಂಕ್‌ಕೇಸ್ ಎರಡು ಹೋಳು ಮಾಡಿ ಸೀಲೂ ಬೇರಿಂಗೂ ಬದಲಾಯಿಸ್ದೆ ಪೇಂಟಿಗೆ ಒಂದ್ರುಪಾಯಿನೂ ಹಾಕ್ಬೇಡಿ.

ಬೋರ್, ಅಂದ್ರೆ ಸಿಲಿಂಡರ್ ಒಳ ಅಗಲ, 65 ಎಂಎಂ, ಸ್ಟ್ರೋಕ್, ಅಂದ್ರೆ ಪಿಸ್ಟನ್ ಓಡೋ ದೂರ, 75, ಸಿಲಿಂಡರ್ ಬೀಡು. ಒಳಗೆ ಗೀರು ಬಿದ್ದಿದ್ರೆ ಕೊರೆದು ಸ್ವಲ್ಪ ಅಗಲ ಮಾಡೋ ರೀಬೋರ್ ಆಗತ್ತೆ, 0.25, 0.50 ಹೀಗೆ ಓವರ್‌ಸೈಜ್ ಪಿಸ್ಟನ್ ಸಿಗತ್ತೆ. ಪಿಸ್ಟನ್ ಮೊದಲು ಕೈಗೆ ಬರ್ಲಿ, ಅದನ್ನ ಅಳೆದು ಅದಕ್ಕೆ ತಕ್ಕಂಗೆ ಬೋರ್ ಮಾಡ್ಸಿ, ಈಗ ಬರೋ ಪಿಸ್ಟನ್ನು ಡಬ್ಬಿ ಮೇಲೆ ಒಂದು ಸೈಜು ಒಳಗೊಂದು ಸೈಜು ಇರತ್ತೆ. ಬೋರ್ ಆದ್ಮೇಲೆ ಪೋರ್ಟ್, ಅಂದ್ರೆ ಸಿಲಿಂಡರ್ ಗೋಡೇಲಿರೋ ಕಿಂಡಿ, ಅದರ ಅಂಚು ಸಣ್ಣದಾಗಿ ಚಾಂಫರ್ ಮಾಡಿ ಚೂಪು ತೆಗೀಬೇಕು ಅಂತ ಲೇತ್‌ನವರಿಗೆ ಬಾಯ್ಬಿಟ್ಟು ಹೇಳಿ, ಇಲ್ಲಾಂದ್ರೆ ರಿಂಗ್ ಸಿಕ್ಕಾಕ್ಕೊಂಡು ಮುರಿಯತ್ತೆ.

ಫ್ಯಾಕ್ಟರಿ ಶುರುವಾಗಿದ್ದು 1960ರ ಸುಮಾರಿಗೆ, ಬಾಗಿಲು ಹಾಕಿದ್ದು 1996ರಲ್ಲಿ. ಆದ್ರೂ ಮೈಸೂರಲ್ಲಿ ಈ ಎಂಜಿನ್ನಿನ ಕೈಗುಣ ಗೊತ್ತಿರೋ ಹಳೇ ಮೆಕ್ಯಾನಿಕ್‌ಗಳು ಇನ್ನೂ ಇದಾರೆ. ಕ್ರ್ಯಾಂಕ್ ಕೆಲ್ಸ ಮಾತ್ರ ಅಂಥವರಿಗೇ ಕೊಡಿ, ಉಳಿದಿದ್ದೆಲ್ಲ ನೀವೇ ಮಾಡ್ಬಹುದು.

ಪೇಪರ್_ಪಕ್ಕಾ:

ಎಂಜಿನ್ ವಿಷಯ ಅಣ್ಣಾವ್ರು ಹೇಳಿದಾರೆ. ನಾನ್ ಹೇಳೋದು ಕಾಗದದ ವಿಷಯ, ಯಾಕಂದ್ರೆ ನೀವು ಗ್ರೈಂಡರ್ ಆನ್ ಮಾಡೋಕೆ ಮುಂಚೆ ಇದನ್ನ ಓದ್ಬೇಕು.

1972 ಅಂದ್ರೆ 50 ವರ್ಷ ದಾಟ್ತು. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗಳಿಗೆ ಅಂತ ಬೇರೆ ನೋಂದಣಿ ತಂತು. ಮೊದಲ ನೋಂದಣಿಯಿಂದ 50 ವರ್ಷ ಆಗಿರ್ಬೇಕು, ಮೂಲ ರೂಪದಲ್ಲೇ ಇರ್ಬೇಕು, ಚಾಸಿಸ್ಸು ಬಾಡಿ ಎಂಜಿನ್ನು ದೊಡ್ಡದಾಗಿ ಬದಲಾಗಿರ್ಬಾರ್ದು. ಹೊಸ ನೋಂದಣಿಗೆ 20,000, ಮರು ನೋಂದಣಿಗೆ 5,000 ರೂಪಾಯಿ, 10 ವರ್ಷ ಚಾಲ್ತಿ. ಈಗಾಗ್ಲೇ ನೋಂದಣಿ ಇರೋ ಗಾಡಿಗೆ ಹಳೇ ನಂಬರ್ರೇ ಉಳಿಯತ್ತೆ. ನಿಮ್ದು 1972, ಅಂದ್ರೆ ರಾಜ್ಯಕ್ಕೆ ಇನ್ನೂ ಮೈಸೂರು ಅಂತ ಹೆಸರಿದ್ದ ಕಾಲ, ಕರ್ನಾಟಕ ಅಂತ ಆಗಿದ್ದು 1973 ನವೆಂಬರ್ 1ಕ್ಕೆ. ನಿಮ್ ನಂಬರ್ ಪ್ಲೇಟ್ 'ಎಂವೈ' ಅಂತ ಶುರುವಾಗ್ತಿರ್ಬೇಕು ನೋಡಿ. ಅಂಥ ನಂಬರ್ ಇನ್ನೊಂದ್ಸಲ ಯಾರಿಗೂ ಸಿಗಲ್ಲ. ಫ್ರೇಮ್ ಕಟ್ ಮಾಡಿದ್ರೆ ಈ ದಾರಿ ಮುಚ್ಚಿತು ಅಂತ್ಲೇ ಲೆಕ್ಕ.

ಇನ್ನೊಂದ್ ಕಡೆ ನೋಡಿದ್ರೆ ವಿಂಟೇಜ್ ನೋಂದಣೀಲಿ ದಿನಾ ಓಡ್ಸೋಕೆ ಬರಲ್ಲ, ರ್‍ಯಾಲಿ, ಪ್ರದರ್ಶನ, ಪೆಟ್ರೋಲ್ ಹಾಕ್ಸೋದು, ರಿಪೇರಿ ಇಂಥದಕ್ಕೆ ಮಾತ್ರ. ವಾರಕ್ಕೊಂದ್ಸಲ ತೋಟಕ್ಕೆ ಹೋಗ್ಬರ್ಬೇಕು ಅಂದ್ರೆ ಮಾಮೂಲಿ ಆರ್‌ಸಿ ರಿನ್ಯೂವಲ್ಲೇ ಸರಿ, ಫಾರ್ಮ್ 25, 5 ವರ್ಷಕ್ಕೊಮ್ಮೆ. ಯಾವ್ದಾದ್ರೂ ಆಗ್ಲಿ, ಮೊದಲು ತಾತನ ಹೆಸರಿಂದ ವಾರಸುದಾರರ ಹೆಸರಿಗೆ ಬರ್ಬೇಕು, ಅದಕ್ಕೆ ಫಾರ್ಮ್ 31, ಮರಣ ಪ್ರಮಾಣ ಪತ್ರ, ಉಳಿದ ವಾರಸುದಾರರ ಒಪ್ಪಿಗೆ. ಅತ್ತೆ ಚಿಕ್ಕಪ್ಪ ಎಲ್ಲಾ ಇದ್ರೆ ಈಗ್ಲೇ ಮಾತಾಡಿ ಸೈನ್ ಹಾಕ್ಸಿ, ಗಾಡಿ ಮಿರಮಿರ ಅಂತ ರೆಡಿ ಆದ್ಮೇಲೆ ಕೇಳೋದು ಕಷ್ಟ.

ಕಾನೂನಲ್ಲೂ ಮೋಟಾರ್ ವಾಹನ ಕಾಯ್ದೆ 52ನೇ ಸೆಕ್ಷನ್ ಇದೆ, ತಯಾರಕರ ಮೂಲ ಸ್ಪೆಸಿಫಿಕೇಶನ್ನಿಗೆ ವಿರುದ್ಧವಾಗಿ ಬದಲಾಯಿಸಂಗಿಲ್ಲ, 2019 ಜನವರೀಲಿ ಸುಪ್ರೀಂ ಕೋರ್ಟೂ ಇದನ್ನೇ ಎತ್ತಿ ಹಿಡೀತು.

ಬೋಲ್ಟ್_ಬಿಚ್ಚು_ಬೋಲ್ಟ್_ಹಾಕು:

ನಾನು ಕಸ್ಟಮ್ ಕಡೆಯವನು, ನನ್ ಯೆಜ್ಡಿ ರೋಡ್‌ಕಿಂಗನ್ನ ಸಿಂಗಲ್ ಸೀಟ್ ಮಾಡಿ ಓಡಿಸ್ತಿದೀನಿ, ಆದ್ರೂ ನಿಮ್ ಪ್ಲಾನಿಗೆ ಬೇಡ ಅಂತೀನಿ. ಕಸ್ಟಮ್ ತಪ್ಪು ಅಂತಲ್ಲ. ಬೋಲ್ಟ್ ಬಿಚ್ಚಿ ಹಳೇ ಪಾರ್ಟ್ ವಾಪಸ್ ಹಾಕಿದ್ರೆ ಒಂದು ಭಾನುವಾರದಲ್ಲಿ ಹಳೇ ಗಾಡಿ ಎದ್ ನಿಲ್ಬೇಕು, ಅಷ್ಟು ಮಾತ್ರ ಕಸ್ಟಮ್ ಮಾಡಿ ಅಂತ ನಾನ್ ಹೇಳೋದು. ಸೀಟಿಗೆ ಹೊಸ ತಗಡಿನ ಬೇಸ್ ಮಾಡಿ, ಈಗಿರೋ ಸೀಟ್ ಬೋಲ್ಟ್ ತೂತಿಗೇ ಬರೋ ಹಾಗೆ ಬ್ರ್ಯಾಕೆಟ್ ಬೆಸುಗೆ ಹಾಕಿ, ನಿಮಗೆ ವೆಲ್ಡಿಂಗ್ ಗೊತ್ತಲ್ಲ, ಫ್ರೇಮಿಗೆ ಒಂದ್ ಚುಕ್ಕಿನೂ ತಾಗಲ್ಲ. ಮೋಟು ಮಡ್‌ಗಾರ್ಡ್ ಬೇಕಂದ್ರೆ ಬೇರೆ ಹಳೇ ಮಡ್‌ಗಾರ್ಡ್ ತಂದು ಅದನ್ನ ಕಟ್ ಮಾಡಿ, ಶಿವಾಜಿನಗರದ ಗುಜರಿ ಕಡೆ ಹುಡುಕಿದ್ರೆ ಏನಾದ್ರೂ ಸಿಗತ್ತೆ. ಒರಿಜಿನಲ್ಲಿಗೆ ಆಯಿಲ್ ಸವರಿ ಬಟ್ಟೆ ಸುತ್ತಿ ಅಟ್ಟಕ್ಕೆ ಹಾಕಿ. ವಿಂಟೇಜಿಗೆ ಅರ್ಜಿ ಹಾಕೋ ದಿನ ಎಲ್ಲಾ ವಾಪಸ್ ಹಾಕ್ಬೇಕಾಗತ್ತೆ, ಅದೂ ನೆನಪಿರ್ಲಿ.

ಚೈನ್ ಕೇಸ್ ತೆಗೀಲೇಬೇಡಿ. ಜಾವಾದ ಆ ಪೂರ್ತಿ ಮುಚ್ಚಿದ ಚೈನ್ ಕೇಸ್ ಎಷ್ಟು ಒಳ್ಳೇ ಡಿಸೈನ್ ಅಂದ್ರೆ ಮಳೆ ಕೆಸರು ಧೂಳು ಯಾವ್ದೂ ಚೈನಿಗೆ ತಾಗಲ್ಲ, ಸ್ಪ್ರಾಕೆಟ್ ಸವೆಯೋದೇ ಅಪರೂಪ. ಸೈಲೆನ್ಸರ್ ಒಳಗಿನ ಬ್ಯಾಫಲ್ಲೂ ಕಿತ್ತಾಕ್ಬೇಡಿ, ಟೂ ಸ್ಟ್ರೋಕಲ್ಲಿ ಸೈಲೆನ್ಸರ್ ಬರೀ ಸದ್ದು ಕಮ್ಮಿ ಮಾಡೋಕಲ್ಲ, ಎಂಜಿನ್ ಉಸಿರಾಟದ ಭಾಗಾನೇ ಅದು, ಖಾಲಿ ಕೊಳವೆ ಮಾಡಿದ್ರೆ ಕಮ್ಮಿ ಸ್ಪೀಡಲ್ಲಿ ಎಳೆಯೋ ಶಕ್ತಿ ಹೋಗತ್ತೆ, ಅಕ್ಕಪಕ್ಕದ ಮನೆಯವರ ನಿದ್ದೇನೂ ಹೋಗತ್ತೆ. ಬ್ಯಾಫಲ್ ಹೊರಗೆ ತೆಗ್ದು ಕಾರ್ಬನ್ ಸುಟ್ಟು ಕ್ಲೀನ್ ಮಾಡಿ ವಾಪಸ್ ಹಾಕಿ. ಚೆಂದ ಮಾಡೋಕೆ ಮುಂಚೆ ಬ್ರೇಕ್ ಶೂ ಎರಡಕ್ಕೂ ಹೊಸ ಲೈನರ್ ಹಾಕ್ಸಿ. ಎರಡೂ ಡ್ರಮ್ಮು, ಹಳೇ ಲೈನರ್ ಗಾಜಿನ ಥರ ನುಣ್ಣಗಾಗಿರತ್ತೆ.

ತಿಪಟೂರ್_ಫಿಟ್ಟರ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಫ್ರೇಮ್ ಮುಟ್ಟಲ್ಲ, ತೀರ್ಮಾನ ಆಯ್ತು, ಅಪ್ಪಂಗೂ ಹೇಳಿದೆ, ಖುಷಿ ಆದ್ರು. ಸಿಂಗಲ್ ಸೀಟ್ ಬೋಲ್ಟಲ್ಲೇ ಮಾಡ್ತೀನಿ. ನಂಬರ್ ಪ್ಲೇಟ್ ಒರೆಸಿ ನೋಡ್ದೆ, 'ಎಂವೈ'ನೇ.

ಡೀಸೆಲ್ ಹಾಕಿ ಬಿಟ್ಟಿದ್ದು ಕೆಲ್ಸ ಮಾಡ್ತು, ಪಿಸ್ಟನ್ ಬಿಟ್ಕೊಂತು. ಸಿಲಿಂಡರ್ ಎತ್ತಿದೀನಿ. ಈಗ ಕನೆಕ್ಟಿಂಗ್ ರಾಡ್ ಹಿಡಿದು ಅಲ್ಲಾಡಿಸಿದ್ರೆ ಪಕ್ಕಕ್ಕೆ ಆಡತ್ತೆ, ಮೇಲೆ ಕೆಳಗೂ ಟಕ್ ಟಕ್ ಅಂತ ಸ್ವಲ್ಪ ಬರತ್ತೆ. ಇದು ಓಕೆನಾ? ಮತ್ತೆ ಟ್ಯಾಂಕ್ ತುಕ್ಕಿಗೆ ಏನ್ ಮಾಡ್ಲಿ, ಕ್ರೋಮ್ ಹಾಳಾಗ್ಬಾರ್ದು.

ಯಾದವಗಿರಿ_ಟೂಸ್ಟ್ರೋಕ್:

ಪಕ್ಕಕ್ಕೆ ಆಡೋದು ಸ್ವಲ್ಪ ಇರ್ಲೇಬೇಕು. ಮೇಲೆ ಕೆಳಗೆ ಒಂದ್ ಕೂದಲೆಳೆನೂ ಇರ್ಬಾರ್ದು. ಟಕ್ ಅಂತಿದೆ ಅಂದ್ರೆ ಬಿಗ್ ಎಂಡ್, ಅಂದ್ರೆ ರಾಡಿನ ಕೆಳಗಿನ ತುದಿಯ ಬೇರಿಂಗ್, ಹೋಗಿದೆ, ರಾಡ್ ಕಿಟ್ ಹಾಕ್ಲೇಬೇಕು. ಜಾವಾ ಕ್ರ್ಯಾಂಕು ಪ್ರೆಸ್ ಮಾಡಿ ಕೂರಿಸಿದ್ದು, ಬೋಲ್ಟಿನದಲ್ಲ. ಹೈಡ್ರಾಲಿಕ್ ಪ್ರೆಸ್ಸಲ್ಲಿ ಪಿನ್ ಹೊರಗೆ ತಳ್ಳಿ, ಹೊಸದು ಹಾಕಿ, ಆಮೇಲೆ ಎರಡು ಸೆಂಟರ್ ಮಧ್ಯೆ ಹಿಡಿದು ಡಯಲ್ ಗೇಜ್ ಇಟ್ಟು ತಾಮ್ರದ ಸುತ್ತಿಗೇಲಿ ತಟ್ಟಿ ತಟ್ಟಿ ನೇರ ಮಾಡ್ಬೇಕು, 0.03 ಎಂಎಂ ಒಳಗೆ ಬರ್ಬೇಕು. ಡಯಲ್ ಗೇಜ್ ಇಲ್ಲದೆ ಕಣ್ಣಂದಾಜಲ್ಲಿ ಮಾಡ್ತೀನಿ ಅನ್ನೋರಿಗೆ ಕೊಡ್ಬೇಡಿ, ಆ ಗಾಡಿ ಹ್ಯಾಂಡಲ್ಲಲ್ಲಿ ಕೈ ಜೋಮು ಹಿಡಿಯೋ ಅಷ್ಟು ನಡುಗತ್ತೆ, ಹೊಸ ಬೇರಿಂಗೂ ಬೇಗ ಹೋಗತ್ತೆ. ಬೇರಿಂಗ್ ತರುವಾಗ ಸಿ3, ಅಂದ್ರೆ ಒಳಗೆ ಸ್ವಲ್ಪ ಜಾಸ್ತಿ ಸಡಿಲ ಇರೋದು, ಅಂತ ಕೇಳಿ ತನ್ನಿ. ಡೈನಮೊ ಆರ್ಮೇಚರ್ರೂ ಕ್ಲಚ್ ಹಬ್ಬೂ ಬಿಚ್ಚೋಕೆ ಪುಲ್ಲರ್ ಬೇಕೇ ಬೇಕು, ನೀವು ಫಿಟ್ಟರ್ ಅಲ್ವಾ, ಲೇತಲ್ಲಿ ಮಾಡ್ಕೊಬಹುದು.

ಎಂಜಿನ್ ಜೋಡಿಸಿದ್ಮೇಲೆ ಫ್ರೇಮಿಗೆ ಏರಿಸೋಕೆ ಮುಂಚೆ ಲೀಕ್ ಟೆಸ್ಟ್ ಮಾಡಿ. ಎಕ್ಸಾಸ್ಟ್ ಎರಡಿದೆ ಇದರಲ್ಲಿ, ಎರಡನ್ನೂ ರಬ್ಬರ್ ಪ್ಲಗ್ಗಲ್ಲಿ ಮುಚ್ಚಿ, ಕಾರ್ಬುರೇಟರ್ ಬಾಯಿಗೆ ಪ್ಲೇಟ್ ಹಾಕಿ ಅದಕ್ಕೊಂದು ಟ್ಯೂಬ್ ವಾಲ್ವ್ ಬೆಸೆದು ಸೈಕಲ್ ಪಂಪಲ್ಲಿ 5-6 ಪಿಎಸ್ಐ ಗಾಳಿ ಹಾಕಿ ಬಿಡಿ. ಪ್ರೆಶರ್ ಗೇಜಿನ ಮುಳ್ಳು ಇಳೀತಿದ್ರೆ ಸೋಪ್ ನೀರು ಹಚ್ಚಿ ಎಲ್ಲಿ ಗುಳ್ಳೆ ಬರತ್ತೆ ನೋಡಿ. ಕಿಡಿ ಹಾರಿಸೋ ಕಾಂಟ್ಯಾಕ್ಟ್ ಪಾಯಿಂಟಿನ ಗ್ಯಾಪ್ 0.4 ಎಂಎಂ, ಪ್ಲಗ್ ಗ್ಯಾಪ್ 0.6. ಪಾಯಿಂಟ್ ಯಾವಾಗ ತೆರ್ಕೊಳತ್ತೆ ಅಂತ ನೋಡೋಕೆ ಮಧ್ಯೆ ಸಿಗರೇಟ್ ಪೇಪರ್ ಇಟ್ಟು ಮೆತ್ತಗೆ ಎಳೀತಾ ಇರಿ, ಪೇಪರ್ ಸಡಿಲ ಆದ ಕ್ಷಣಾನೇ ಕಿಡಿ ಹಾರೋ ಜಾಗ.

ಪೆಟ್ರೋಲಿಗೆ ಸೇರ್ಸೋ 2ಟಿ (ಟೂ ಸ್ಟ್ರೋಕ್) ಆಯಿಲ್ಲು ರನ್ನಿಂಗ್ ಇನ್, ಅಂದ್ರೆ ಹೊಸ ಪಿಸ್ಟನ್ ಪಳಗೋ ಟೈಮಲ್ಲಿ, ಲೀಟರಿಗೆ 50 ಎಂಎಲ್, ಆಮೇಲೆ 40. ಈಗ ಬಂಕಲ್ಲಿ ಬರೋದು 20 ಪರ್ಸೆಂಟ್ ಎಥನಾಲ್ ಸೇರಿದ ಪೆಟ್ರೋಲು, ಅದು ಸ್ವಲ್ಪ ಲೀನ್ ಓಡತ್ತೆ. ಪ್ಲಗ್ ತೆಗ್ದು ನೋಡಿ, ಬಿಳಿಚ್ಕೊಂಡಿದ್ರೆ ಕಾರ್ಬುರೇಟರಲ್ಲಿ ಪೆಟ್ರೋಲ್ ಬಿಡೋ ಮೇನ್ ಜೆಟ್ ಒಂದ್ ಸೈಜ್ ದೊಡ್ಡದು ಹಾಕಿ. ಹಳೇ ಪೆಟ್ರೋಲ್ ಪೈಪು, ಕಾಕ್ ವಾಷರ್ ಎಲ್ಲಾ ಹೊಸದು ಹಾಕಿ, ಎಥನಾಲಿಗೆ ಹಳೇ ರಬ್ಬರ್ ಊದ್ಕೊಳತ್ತೆ.

ಪೇಂಟರ್_ಪಾಳ್ಯ:

ಟ್ಯಾಂಕ್ ವಿಷಯ ನಾನ್ ಹೇಳ್ತೀನಿ. ಹೈಡ್ರೋಕ್ಲೋರಿಕ್ ಆಸಿಡ್ ಹಾಕ್ಸೋಕೆ ಹೋಗ್ಬೇಡಿ, ತುಕ್ಕಿನ ಜೊತೆ ಒಳ್ಳೇ ತಗಡನ್ನೂ ತಿನ್ನತ್ತೆ, ಹೊರಗೆ ಚೆಲ್ಲಿದ್ರೆ ಕ್ರೋಮ್ ಢಮಾರ್. ಮೊದಲು ಶ್ಯಾಂಪೂ ನೀರಲ್ಲಿ ಹಳೇ ಪೆಟ್ರೋಲ್ ಅಂಟು ತೊಳೀರಿ, ಒಳಗೆ ಹಳೇ ಸೈಕಲ್ ಚೈನ್ ತುಂಡು ಹಾಕಿ ಚೆನ್ನಾಗ್ ಕುಲುಕಿ, ತುಕ್ಕು ಪದರ ಎಲ್ಲಾ ಉದುರ್ಲಿ. ಆಮೇಲೆ ಸಿಟ್ರಿಕ್ ಆಸಿಡ್, ಕಿರಾಣಿ ಅಂಗಡೀಲಿ ನಿಂಬೆಉಪ್ಪು ಅಂತ ಸಿಗತ್ತಲ್ಲ ಅದೇ, ಬಿಸಿ ನೀರಲ್ಲಿ ಕರಗ್ಸಿ ಭರ್ತಿ ತುಂಬಿ ಒಂದ್ ದಿನ ಬಿಡಿ. ಚೆಲ್ಲಿದ ತಕ್ಷಣ ಅಡಿಗೆ ಸೋಡಾ ನೀರಲ್ಲಿ ತೊಳ್ದು, ಹೇರ್ ಡ್ರೈಯರ್ರಲ್ಲಿ ಒಣಗ್ಸಿ, ಒಳಗೆಲ್ಲಾ 2ಟಿ ಆಯಿಲ್ ಓಡಾಡಿಸಿ. ತಡ ಮಾಡಿದ್ರೆ ಅರ್ಧ ಗಂಟೇಲೇ ಮತ್ತೆ ತುಕ್ಕು ಹತ್ತತ್ತೆ.

ಫ್ರೇಮಿಗೆ ಪೌಡರ್ ಕೋಟಿಂಗ್ ಪರವಾಗಿಲ್ಲ. ಟ್ಯಾಂಕಿಗೆ ಬೇಡ, ಓವನ್ ಬಿಸಿ 180 ಡಿಗ್ರಿ ದಾಟತ್ತೆ, ಹಳೇ ಸೀಸದ ಬೆಸುಗೆ ಎಲ್ಲಾದ್ರೂ ಇದ್ರೆ ಬಿಟ್ಕೊಳತ್ತೆ. ಟ್ಯಾಂಕಿಗೆ ಹಾರ್ಡನರ್ ಬೆರೆಸಿ ಹೊಡೆಯೋ 2ಕೆ ಪೇಂಟೇ ಸರಿ. ಕ್ರೋಮ್ ಚೆನ್ನಾಗಿದ್ರೆ ಮತ್ತೆ ಪ್ಲೇಟಿಂಗ್ ಮಾಡಿಸ್ಬೇಡಿ, ಹಳೇದು ದಪ್ಪ ಇರತ್ತೆ, ಟೇಪ್ ಅಂಟಿಸಿ ಮುಚ್ಚಿ ಪೇಂಟ್ ಮಾಡಿ. ಮರೂನೇ ಹೊಡೀರಿ. ಕಲರ್ ಬದಲಾಯಿಸಿದ್ರೆ ಆರ್‌ಸಿಲೂ ಬದಲಾಯಿಸ್ಬೇಕು.

ತಿಪಟೂರ್_ಫಿಟ್ಟರ್:

ಮರೂನೇ. ಮುಂದಿನ್ ವಾರ ಫ್ರೇಮ್ ಸ್ಯಾಂಡ್ ಬ್ಲಾಸ್ಟಿಂಗಿಗೆ ಕೊಡ್ತಿದೀನಿ, ಕ್ರ್ಯಾಂಕ್ ಮೈಸೂರಿಗೆ ತಗೊಂಡ್ ಹೋಗ್ತೀನಿ. ಬ್ಲಾಸ್ಟಿಂಗಿಗೆ ಮುಂಚೆ ಏನಾದ್ರೂ ನೋಡ್ಕೊಬೇಕಾ?

ಪೇಪರ್_ಪಕ್ಕಾ:

ನೋಡ್ಕೊಳ್ಳೇಬೇಕು. ಚಾಸಿಸ್ ನಂಬರ್ ಮೇಲೆ ಪೇಪರ್ ಇಟ್ಟು ಪೆನ್ಸಿಲ್ ಉಜ್ಜಿ ಪ್ರಿಂಟ್ ತಗೊಳಿ, ಎರಡು ಮೂರು ಕಾಪಿ, ಫೋಟೋನೂ ತೆಗೀರಿ, ಆರ್‌ಸಿ ಜೊತೆ ಒಂದೊಂದಂಕಿ ತಾಳೆ ನೋಡಿ. ಆಮೇಲೆ ನಂಬರ್ ಮೇಲೆ ದಪ್ಪ ರಬ್ಬರ್ ತುಂಡು ಇಟ್ಟು ಟೇಪ್ ಸುತ್ತಿ. ಬ್ಲಾಸ್ಟಿಂಗಲ್ಲಿ ಅಕ್ಷರ ಸವೆದು ಹೋದ್ರೆ, ಇಲ್ಲಾ ಪೌಡರ್ ಕೋಟ್ ದಪ್ಪಗೆ ಕೂತು ಮುಚ್ಚಿ ಹೋದ್ರೆ ಇನ್‌ಸ್ಪೆಕ್ಷನ್‌ಗೆ ಹೋದಾಗ ನಂಬರ್ ಕಾಣಲ್ಲ, ತಿದ್ದಿದಾರೆ ಅಂತ ಅನುಮಾನ ಬರತ್ತೆ. ಸ್ಟೀರಿಂಗ್ ಬೇರಿಂಗ್ ಕಪ್ ಕೂರೋ ಜಾಗ, ಎಂಜಿನ್ ಬೋಲ್ಟ್ ತೂತು, ಥ್ರೆಡ್ ಇರೋ ಕಡೆಗೆಲ್ಲಾ ಹಳೇ ಬೋಲ್ಟ್ ಹಾಕಿ ಮುಚ್ಚಿ ಕಳ್ಸಿ. ಆಗೋದಾದ್ರೆ ಕೆಲ್ಸ ಆಗೋವರ್ಗೂ ನೀವೇ ಅಲ್ಲಿ ನಿಂತಿರಿ.