ಸಮುದ್ರದ ಸಾಲ್ಮನ್ ಟ್ರೋಲಿಂಗಿಗೆ ಯಾವ ದಾರ, ಎಷ್ಟು ಉದ್ದದ ಲೀಡರ್?

ಭೀಮಾತೀರ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ಮೂವತ್ತು ವರ್ಷಗಳಿಂದ ಬಿಡುವಾದಾಗಲೆಲ್ಲ ಭೀಮಾ ನದಿಯಲ್ಲಿಯೂ ಬೆಣ್ಣೆತೊರಾ ಜಲಾಶಯದ ಹಿನ್ನೀರಿನಲ್ಲಿಯೂ ಗಾಳ ಹಾಕುತ್ತ ಬಂದಿದ್ದೇನೆ. ಜೋಳದ ಹಿಟ್ಟಿನ ಉಂಡೆಗೆ ರೋಹು, ಕಪ್ಪೆಮರಿಗೆ ಕೊರವ, ಇಷ್ಟೇ ನನ್ನ ವಿದ್ಯೆ. ದಾರವೆಂದರೆ ಪೇಟೆಯಲ್ಲಿ ಸಿಗುವ 0.40 ಮಿಲಿಮೀಟರಿನ ತಂಗೂಸ್. ಅದರ ತುದಿಗೆ ಲೀಡರ್ ಎಂಬ ಇನ್ನೊಂದು ದಾರವನ್ನು ಕಟ್ಟುವ ಪ್ರಮೇಯವೇ ನನಗೆ ಬಂದಿಲ್ಲ.

ಬರುವ ಆಗಸ್ಟಿನಲ್ಲಿ ಕೆನಡಾದ ವ್ಯಾಂಕೂವರ್ ದ್ವೀಪದಲ್ಲಿರುವ ಮಗಳ ಮನೆಗೆ ಹೋಗಲಿದ್ದೇನೆ. ಅಲ್ಲಿ ಸಾಲ್ಮನ್ ಹಿಡಿಯಲು ಟ್ರೋಲಿಂಗ್, ಅಂದರೆ ಸಾಗುತ್ತಿರುವ ದೋಣಿಯ ಹಿಂದೆ ಗಾಳ ಎಳೆಯುವುದು, ಮಾಡುತ್ತಾರಂತೆ. ಅಳಿಯನ ಸ್ನೇಹಿತರೊಬ್ಬರ ಬಳಿ ಎರಡು ಡೌನ್‌ರಿಗ್ಗರ್ (ದಾರವನ್ನು ಆಳಕ್ಕಿಳಿಸುವ ಸಾಧನ) ಇರುವ ಸಣ್ಣ ದೋಣಿಯಿದೆ. ಕೋಲು, ರೀಲು ಎರಡನ್ನೂ ಅವರೇ ಕೊಡುತ್ತಾರೆ, ಆದರೆ ದಾರ ಮತ್ತು ಲೀಡರನ್ನು ಮಾತ್ರ ನನಗೆ ಬೇಕಾದಂತೆ ಆರಿಸಿಕೊಳ್ಳಬೇಕಂತೆ. ಒಬ್ಬರು ನೈಲಾನ್ ಸಾಕೆನ್ನುತ್ತಾರೆ, ಇನ್ನೊಬ್ಬರು ಹೆಣೆದ ಬ್ರೇಡ್ ಇಲ್ಲದೆ ನಡೆಯುವುದಿಲ್ಲವೆನ್ನುತ್ತಾರೆ. ಲೀಡರಿನ ಉದ್ದವನ್ನು ಒಂದು ವಿಡಿಯೋದಲ್ಲಿ ಎರಡೂವರೆ ಅಡಿ ಎಂದರೆ ಮತ್ತೊಂದರಲ್ಲಿ ಆರು ಅಡಿ ಎನ್ನುತ್ತಾರೆ. ನೀರಿನಲ್ಲಿ ಕಡಿಮೆ ಕಾಣುತ್ತದೆಂದು ಹೇಳುವ ಫ್ಲೋರೋಕಾರ್ಬನ್ ದಾರದ ಬೆಲೆ ಕೇಳಿದರೆ ಎದೆ ಝಲ್ಲೆನ್ನುತ್ತದೆ. ಇವುಗಳಲ್ಲಿ ಯಾವುದನ್ನು ಯಾವ ಕಾರಣಕ್ಕೆ ಆರಿಸಬೇಕೆಂಬುದನ್ನು ಅನುಭವವಿರುವವರು ತಿಳಿಸಿದರೆ ಉಪಕಾರವಾಗುತ್ತದೆ.

ಕಾರಂಜಾ, ಬೀದರ್

ಉದ್ಯೋಗದ ನಿಮಿತ್ತ ಆ ಕರಾವಳಿಯಲ್ಲಿ ಕೆಲವು ವರ್ಷ ಇದ್ದು ಈಗ ಬೀದರಿಗೆ ಮರಳಿರುವವನು ನಾನು. ಮೊದಲಿಗೆ ಒಂದು ಮಾತು: ನಮ್ಮ ಕಡೆಯ ಮಾರುಕಟ್ಟೆಗಳಲ್ಲಿ ಇಂಡಿಯನ್ ಸಾಲ್ಮನ್ ಎಂದು ಮಾರುವ ರಾವಸ್ ಬೇರೆಯೇ ಮೀನು, ಅದರ ಅನುಭವ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ನೀವು ಹಿಡಿಯಹೊರಟಿರುವುದು ಚಿನೂಕ್ ಮತ್ತು ಕೋಹೋ ಎಂಬ ಶಾಂತಸಾಗರದ ಮೀನುಗಳನ್ನು.

ರೀಲಿನ ದಾರಕ್ಕೂ ಲೀಡರಿಗೂ ಒಂದೇ ಅಳತೆಗೋಲು ಹಿಡಿಯುವುದರಿಂದಲೇ ಈ ಗೊಂದಲ ಹುಟ್ಟುತ್ತದೆ. ರೀಲಿನ ದಾರದ ಕೆಲಸ ಮೀನಿನ ಎಳೆತವನ್ನು ತಾಳುವುದು; ಲೀಡರಿನ ಕೆಲಸ ಹುಸಿಮೀನಿಗೆ ಜೀವ ಬಂದಂತೆ ಕಾಣಿಸುವುದು. ಆದ್ದರಿಂದ ಲೀಡರನ್ನು ಮೀನಿನ ತೂಕ ನೋಡಿ ಆರಿಸುವುದಕ್ಕಿಂತ ಅದರ ತುದಿಯಲ್ಲಿ ಏನನ್ನು ಕಟ್ಟುತ್ತೀರಿ ಎಂಬುದನ್ನು ನೋಡಿ ಆರಿಸಬೇಕು.

ಅಲ್ಲಿ ಹುಸಿಮೀನಿನ ಮುಂದೆ ಸುಮಾರು 28 ಸೆಂಟಿಮೀಟರ್ ಉದ್ದದ, ಫ್ಲಾಷರ್ ಎಂದು ಕರೆಯುವ ಹೊಳೆಯುವ ಪ್ಲಾಸ್ಟಿಕ್ ಹಲಗೆಯೊಂದನ್ನು ಎಳೆಯುತ್ತಾರೆ. ದೋಣಿ ನಿಧಾನವಾಗಿ ಸಾಗುವಾಗ ಅದು ನೀರಿನಲ್ಲಿ ಸುತ್ತು ಹಾಕುತ್ತದೆ. ಅದರ ಹಿಂದೆ ಕಟ್ಟುವ ಹೂಚಿ ಎಂಬ ಮೆತ್ತನೆಯ ಪ್ಲಾಸ್ಟಿಕ್ಕಿನ ಕುಚ್ಚಿಗೆ ಸ್ವಂತ ಚಲನೆ ಎಂಬುದಿಲ್ಲ. ಫ್ಲಾಷರ್ ಸುತ್ತಿದಾಗ ಲೀಡರ್ ಕೊಡುವ ಜಗ್ಗಾಟವೇ ಅದರ ನಡಿಗೆ. ಲೀಡರ್ ಉದ್ದವಾದಷ್ಟೂ, ಮೆತ್ತಗಾದಷ್ಟೂ ಆ ಜಗ್ಗಾಟ ದಾರಿಯಲ್ಲೇ ಸತ್ತುಹೋಗುತ್ತದೆ. ಅದಕ್ಕಾಗಿ ಹೂಚಿಗೆ 40 ಪೌಂಡಿನ (ಅಂದರೆ ತುಂಡಾಗದೆ ಅಷ್ಟು ಭಾರ ತಾಳುವ), ಕೆಲವರು 50 ಪೌಂಡಿನ, ಗಡುಸಾದ ದಾರವನ್ನು ಗಿಡ್ಡವಾಗಿ ಕಟ್ಟುತ್ತಾರೆ. ಚಿನೂಕಿಗೆ 36ರಿಂದ 42 ಇಂಚು, ಅಂದರೆ ನಮ್ಮ ಲೆಕ್ಕದಲ್ಲಿ ಎರಡು ಮೊಳದಿಂದ ಹೆಚ್ಚುಕಡಿಮೆ ಎರಡು ಮೊಳ ಒಂದು ಗೇಣು. ಹುಡುಗಾಟದ ಕೋಹೋ ಮೀನಿಗೆ ಇನ್ನೂ ಚುರುಕಾದ ನಡಿಗೆ ಇಷ್ಟವಾದ್ದರಿಂದ 30 ಇಂಚಿನ ಆಸುಪಾಸು.

ತಗಡಿನ ಚಮಚದಂಥ ಸ್ಪೂನ್ ಕಟ್ಟಿದರೆ ಈ ಮಾತೆಲ್ಲ ತಲೆಕೆಳಗಾಗುತ್ತದೆ. ಸ್ಪೂನ್ ತಾನಾಗಿಯೇ ಓಲಾಡುವ ವಸ್ತು. ಗಡುಸು ದಾರವನ್ನು ಗಿಡ್ಡವಾಗಿ ಕಟ್ಟಿದರೆ ಅದರ ಓಲಾಟವನ್ನೇ ಅದುಮಿದಂತಾಗುತ್ತದೆ. ಅದಕ್ಕೆ 25 ಅಥವಾ 30 ಪೌಂಡಿನ ಲೀಡರ್, ಉದ್ದ ಐದಾರು ಅಡಿ, ಎಂದರೆ ಸರಿಸುಮಾರು ಒಂದು ಮಾರು. ನೀವು ನೋಡಿದ ಎರಡೂ ವಿಡಿಯೋಗಳು ಸುಳ್ಳು ಹೇಳಿರಲಿಕ್ಕಿಲ್ಲ. ಒಬ್ಬರು ಹೂಚಿಯ ಲೆಕ್ಕ ಹೇಳಿದ್ದಾರೆ, ಇನ್ನೊಬ್ಬರು ಸ್ಪೂನಿನದು.

ರೀಲಿಗೆ ಮೊದಲ ಸಲ ಹೋಗುವವರು 30 ಪೌಂಡಿನ ನೈಲಾನ್ ಸುತ್ತಿಸಿಕೊಳ್ಳುವುದು ಕ್ಷೇಮವೆಂದು ನನ್ನ ಅಭಿಪ್ರಾಯ. ನೈಲಾನ್ ಹಿಗ್ಗುವುದರಿಂದ ಮೀನು ಹಠಾತ್ತನೆ ತಿರುಗಿದಾಗ ನಿಮ್ಮ ತಪ್ಪನ್ನು ಅದು ಸ್ವಲ್ಪಮಟ್ಟಿಗೆ ಕ್ಷಮಿಸುತ್ತದೆ. ಕೋಹೋ ಮೀನಿನ ಬಾಯಿ ಮೃದು. ಬ್ರೇಡಿನಂಥ ಹಿಗ್ಗದ ದಾರದಲ್ಲಿ ಬಲವಾಗಿ ಜಗ್ಗಿದರೆ ಗಾಳ ಕಿತ್ತುಬರುತ್ತದೆ.

ಶಹಾಬಾದ್ ಕಲ್ಲು, ಕಲಬುರಗಿ

ಫ್ಲೋರೋಕಾರ್ಬನ್ ಬಗ್ಗೆ ನನ್ನದೊಂದು ತಕರಾರಿದೆ. ನೀರಿನ ವಕ್ರೀಭವನಾಂಕ (ಬೆಳಕನ್ನು ಬಾಗಿಸುವ ಪ್ರಮಾಣ) 1.33, ಫ್ಲೋರೋಕಾರ್ಬನ್ನಿನದು 1.42, ನೈಲಾನಿನದು 1.53ರ ಹತ್ತಿರ, ಆದ್ದರಿಂದ ನೀರಿನದಕ್ಕೆ ಹೆಚ್ಚು ಸಮೀಪವಿರುವ ಫ್ಲೋರೋಕಾರ್ಬನ್ ನೀರಿನಲ್ಲಿ ಕಡಿಮೆ ಕಾಣುತ್ತದೆ ಎಂಬ ವಾದ ಕಾಗದದ ಮೇಲೆ ಸರಿಯೇ. ಆದರೆ ಗೇಣಿಗಿಂತ ಉದ್ದದ ಹೊಳೆಯುವ ಹಲಗೆಯನ್ನು ಮುಂದೆ ತಿರುಗಿಸುತ್ತ ಹೋಗಿ, ಅದರ ಹಿಂದಿನ ದಾರ ಮೀನಿಗೆ ಕಾಣಬಾರದೆಂದು ದುಡ್ಡು ಸುರಿಯುವುದು ಡೊಳ್ಳು ಬಾರಿಸುತ್ತ ಕಳ್ಳಹೆಜ್ಜೆ ಇಟ್ಟಂತೆ. ಅದನ್ನು ಕೊಳ್ಳಬೇಕಾದರೆ ಅದರ ಗಡುಸುತನಕ್ಕಾಗಿ ಮತ್ತು ಹಲ್ಲಿಗೆ, ಉಜ್ಜಾಟಕ್ಕೆ ಬೇಗನೆ ಸವೆಯದ ಗುಣಕ್ಕಾಗಿ ಕೊಳ್ಳಿ. ಚಿನೂಕಿನ ಹಲ್ಲು ಕಡಿಮೆಯದೇನಲ್ಲ. ಲೀಡರಿಗೆ ಬೇಕಾಗುವುದು ಕೆಲವೇ ಮೀಟರ್ ಆದ್ದರಿಂದ ಸಣ್ಣ ಸುರುಳಿಯೊಂದು ಸಾಕು. ರೀಲು ತುಂಬ ಅದನ್ನೇ ಸುತ್ತಿಸುವ ಅಗತ್ಯವಿಲ್ಲ.

ಇಲ್ಲಿಂದ ತಂಗೂಸ್ ಒಯ್ಯುವ ಯೋಚನೆಯಿದ್ದರೆ ಬಿಟ್ಟುಬಿಡಿ. ಬಿಸಿಲು ನೈಲಾನನ್ನು ತಿನ್ನುತ್ತದೆ, ನಮ್ಮ ಬಿಸಿಲಂತೂ ಕೇಳುವುದೇ ಬೇಡ. ಒಂದು ಬೇಸಿಗೆ ಮಾಳಿಗೆಯ ಮೇಲೆ ಮರೆತಿದ್ದ ನನ್ನ ಸುರುಳಿ ಮಳೆಗಾಲದಲ್ಲಿ ಹಪ್ಪಳದಂತೆ ಮುರಿಯಿತು.

ಬಸವಸಾಗರ, ಯಾದಗಿರಿ

ಬೀದರಿನವರು ಬ್ರೇಡನ್ನು ಸ್ವಲ್ಪ ಬೇಗನೆ ಪಕ್ಕಕ್ಕಿಟ್ಟರೆಂದು ನನಗನ್ನಿಸಿತು. ನಾರಾಯಣಪುರದ ಹಿನ್ನೀರಿನಲ್ಲಿ ನಾನು ಐದು ವರ್ಷದಿಂದ ಅದನ್ನೇ ಬಳಸುತ್ತಿದ್ದೇನೆ. 50 ಪೌಂಡಿನ ಬ್ರೇಡ್ ದಪ್ಪದಲ್ಲಿ 12 ಪೌಂಡಿನ ನೈಲಾನಿಗೆ ಹೆಚ್ಚುಕಡಿಮೆ ಸಮ. ಆಳದಲ್ಲಿ ಸೆಳವಿದ್ದರೆ ದಪ್ಪ ದಾರ ಬಿಲ್ಲಿನಂತೆ ಬಾಗಿ ಹಿಂದೆ ಉಳಿಯುತ್ತದೆ, ಸಣ್ಣ ದಾರ ಅಷ್ಟು ಬಾಗುವುದಿಲ್ಲ. ಬ್ರೇಡ್ ಹಿಗ್ಗದಿರುವುದರಿಂದ ಸಣ್ಣ ಮೀನೊಂದು ಸಿಕ್ಕಿಕೊಂಡು ಸುಮ್ಮನೆ ಎಳೆದುಕೊಂಡು ಬರುತ್ತಿದ್ದರೂ ಕೋಲಿನ ತುದಿ ಹೇಳಿಬಿಡುತ್ತದೆ. ದೋಷವೂ ಇದೆ. ಬಂಡೆಯ ಅಂಚಿಗೆ ಒಮ್ಮೆ ಉಜ್ಜಿದರೆ ಬ್ರೇಡ್ ಕ್ಷಣದಲ್ಲಿ ತುಂಡಾಗುತ್ತದೆ, ಅದರ ನುಣುಪಿಗೆ ಸಾಮಾನ್ಯ ಗಂಟು ಜಾರುತ್ತದೆ. ಹಾಗಾಗಿ ತುದಿಯಲ್ಲಿ ಇಪ್ಪತ್ತೈದು ಮೂವತ್ತು ಅಡಿ ನೈಲಾನನ್ನು ಡಬಲ್ ಯೂನಿ ಅಥವಾ ಎಫ್‌ಜಿ ಗಂಟಿನಿಂದ ಕೂಡಿಸಿದರೆ ಎರಡರ ಗುಣವೂ ಸಿಗುತ್ತದೆ.

ಕಾರಂಜಾ, ಬೀದರ್

ಯಾದಗಿರಿಯವರ ಮಾತನ್ನು ಒಪ್ಪುತ್ತೇನೆ, ಆದರೆ ಡೌನ್‌ರಿಗ್ಗರಿನ ಒಂದು ಸಂಗತಿಯನ್ನು ಸೇರಿಸಬೇಕು. ಹತ್ತರಿಂದ ಹದಿನೈದು ಪೌಂಡಿನ ಸೀಸದ ಗುಂಡು ದಾರವನ್ನು ಆಳಕ್ಕೆ ಒಯ್ಯುತ್ತದೆ; ದಾರವನ್ನು ಅದಕ್ಕೆ ಕಚ್ಚಿಸುವುದು ಒಂದು ಚಿಮಟದಂಥ ಕ್ಲಿಪ್. ಮೀನು ಹೊಡೆದಾಗ ಕ್ಲಿಪ್ ಬಿಟ್ಟುಕೊಡಬೇಕು, ಅಲ್ಲಿಯವರೆಗೆ ಹಿಡಿದಿರಬೇಕು. ಬರಿಯ ಬ್ರೇಡ್ ಆ ಕ್ಲಿಪ್ಪಿನಲ್ಲಿ ಜಾರುತ್ತದೆ. ತುದಿಯ ನೈಲಾನ್ ಭಾಗವನ್ನು ಕ್ಲಿಪ್ಪಿಗೆ ಕಚ್ಚಿಸುವುದಾದರೆ, ಫ್ಲಾಷರನ್ನು ಕ್ಲಿಪ್ಪಿನಿಂದ ಎಷ್ಟು ಹಿಂದಕ್ಕೆ ಬಿಡುತ್ತೀರೋ ಅದಕ್ಕಿಂತ ಆ ನೈಲಾನ್ ಉದ್ದವಾಗಿರಬೇಕು. ಇಪ್ಪತ್ತು ಅಡಿ ಹಿಂದೆ ಬಿಡುವವರಿಗೆ ಮೂವತ್ತು ಅಡಿ ಸಾಕು; ನಲವತ್ತು ಅಡಿ ಬಿಡುವ ಅಭ್ಯಾಸ ಆ ದೋಣಿಯವರಿಗಿದ್ದರೆ ಸಾಲದು. ಅವರನ್ನು ಮೊದಲೇ ಕೇಳಿಕೊಳ್ಳಿ.

ದಾರದ ಬಲದ ಅಂಕಿಗೆ ಹೆಚ್ಚು ಹೆದರಬೇಡಿ. ನೀವು ಹೋಗುವ ದ್ವೀಪದಲ್ಲೇ ಕ್ಯಾಂಪ್‌ಬೆಲ್ ರಿವರ್ ಎಂಬ ಊರಿದೆ. ಅಲ್ಲಿ 1924ರಲ್ಲಿ ಸ್ಥಾಪನೆಯಾದ ಟೈಯೀ ಕ್ಲಬ್ಬಿನ ನಿಯಮದಂತೆ ಹುಟ್ಟು ಹಾಕುವ ದೋಣಿಯಲ್ಲಿ ಕುಳಿತು, 20 ಪೌಂಡಿಗೆ ಮೀರದ ದಾರದಲ್ಲಿ, 30 ಪೌಂಡ್ ಅಥವಾ ಅದಕ್ಕೂ ಹೆಚ್ಚು ತೂಗುವ ಚಿನೂಕನ್ನು ಹಿಡಿದರೆ ಮಾತ್ರ ಸದಸ್ಯತ್ವ ದೊರೆಯುತ್ತದೆ. ರೀಲಿನ ಬಿಗಿತವನ್ನು ದಾರದ ಬಲದ ಕಾಲು ಭಾಗದಷ್ಟಿಟ್ಟು, ಮೀನು ಓಡುವಾಗ ಓಡಗೊಟ್ಟರೆ ದಾರ ತಾಳುತ್ತದೆ. ತುಂಡಾಗುವುದೇನಿದ್ದರೂ ಬಹುಪಾಲು ಗಂಟಿನಲ್ಲಿ.

ಫ್ಲಾಷರಿನ ಎರಡೂ ಕಡೆ ಬಾಲ್ ಬೇರಿಂಗಿನ ಸ್ವಿವೆಲ್ (ತಿರುಗುವ ಕೊಂಡಿ) ಇರಲಿ, ಇಲ್ಲದಿದ್ದರೆ ಒಂದು ಗಂಟೆಯೊಳಗೆ ದಾರವೆಲ್ಲ ಹುರಿಗೊಳ್ಳುತ್ತದೆ. ಸಾಲ್ಮನ್ನಿಗೆ ಅಲ್ಲಿ ಮುಳ್ಳಿಲ್ಲದ ಗಾಳವೇ ಕಡ್ಡಾಯ. ಉಪ್ಪುನೀರಿನ ಮೀನುಗಾರಿಕೆಯ ಲೈಸೆನ್ಸನ್ನು, ಮೀನನ್ನು ಇಟ್ಟುಕೊಳ್ಳುವುದಾದರೆ ಸಾಲ್ಮನ್ ಸ್ಟ್ಯಾಂಪ್ ಎಂಬ ಹೆಚ್ಚುವರಿ ಪರವಾನಗಿಯನ್ನು ಆನ್‌ಲೈನಿನಲ್ಲೇ ಪಡೆಯಬಹುದು. ಮುಳ್ಳಿಲ್ಲದ ಗಾಳದಲ್ಲಿ ದಾರ ಸಡಿಲಾದರೆ ಮೀನು ಹೋಯಿತೆಂದೇ ಲೆಕ್ಕ. ರೋಹು ಹಿಡಿಯುವಾಗ ನಾವು ಮಧ್ಯೆ ಬೀಡಿ ಹಚ್ಚುವಷ್ಟು ದಾರ ಸಡಿಲಬಿಡುವ ಅಭ್ಯಾಸವನ್ನು ಇಲ್ಲೇ ಬಿಟ್ಟುಹೋಗಿ.

ಭೀಮಾತೀರ, ಕಲಬುರಗಿ

ಎಲ್ಲರಿಗೂ ಅನಂತ ಧನ್ಯವಾದಗಳು. ದೋಣಿಯವರನ್ನು ಕೇಳಿದೆ, ಅವರು ಕ್ಲಿಪ್ಪಿನಿಂದ ಹದಿನೈದು ಇಪ್ಪತ್ತು ಅಡಿಯಷ್ಟೇ ಹಿಂದೆ ಬಿಡುತ್ತಾರಂತೆ. ಆದರೂ ಮೊದಲ ಸಲವಾದ್ದರಿಂದ ರೀಲಿಗೆ 30 ಪೌಂಡಿನ ನೈಲಾನನ್ನೇ ಸುತ್ತಿಸಲು ಹೇಳಿದ್ದೇನೆ. ಹೈದರಾಬಾದಿಗೆ ಹೋಗಿದ್ದ ನೆಂಟರಿಂದ 40 ಪೌಂಡಿನ ಫ್ಲೋರೋಕಾರ್ಬನ್ನಿನ ಸಣ್ಣ ಸುರುಳಿಯೊಂದನ್ನು ತರಿಸಿ, ಎರಡು ಮೊಳದ ಆರು ಲೀಡರುಗಳನ್ನು ಮನೆಯಲ್ಲೇ ಕಟ್ಟಿದೆ. ಗಂಟು ಪರೀಕ್ಷಿಸಲು ಹದಿನೈದು ಲೀಟರ್ ನೀರು ತುಂಬಿದ ಕೊಡವನ್ನು, ಅಂದರೆ 33 ಪೌಂಡಿಗೂ ಮಿಕ್ಕ ಭಾರವನ್ನು, ಒಂದೊಂದಕ್ಕೂ ತೂಗುಹಾಕಿ ನೋಡಿದೆ. ನಾಲ್ಕು ತಾಳಿದವು, ಎರಡು ಜಾರಿದವು. ಜಾರಿದ ಎರಡೂ ಎಂಜಲು ಹಚ್ಚಿ ಒದ್ದೆ ಮಾಡದೆ ಒಣದಾರದಲ್ಲೇ ಬಿಗಿದ ಗಂಟುಗಳು; ಅಂಗಳವೆಲ್ಲ ನೀರಾದದ್ದಕ್ಕೆ ಮನೆಯವರಿಂದ ಮಂಗಳಾರತಿಯೂ ಆಯಿತು. ಆ ಎರಡನ್ನು ಬಿಚ್ಚಿ ಮತ್ತೆ ಕಟ್ಟುತ್ತಿದ್ದೇನೆ.